ಧಾರಾವಾಹಿ ನಿಂತಿದೆ, ಮನೆಯವರ ಋಣ ಹೇಗೆ ತೀರಿಸಲಿ?

ಪ್ರಶ್ನೆ: ಶಿರಸಿ ಪೇಟೆಯಿಂದ ಸ್ವಲ್ಪ ಒಳಗಿನ ಹಳ್ಳಿ ನಮ್ಮದು. ನನಗೆ 38 ವರ್ಷ. ಆರು ವರ್ಷದಿಂದ ಮನೆಯಲ್ಲೇ ಕೂತು ಬೆಂಗಳೂರಿನ ಒಂದು ಧಾರಾವಾಹಿ ತಂಡಕ್ಕೆ ಸಂಭಾಷಣೆ ಬರೆಯುತ್ತಿದ್ದೇನೆ. ತಿಂಗಳಿಗೆ 24 ಎಪಿಸೋಡು, ಎಪಿಸೋಡಿಗೆ 2,500 ರೂಪಾಯಿ. ನಿರ್ಮಾಪಕರಿಗೂ ವಾಹಿನಿಗೂ ಹಣದ ತಕರಾರಾಗಿ ಜೂನ್ ಮೊದಲ ವಾರದಿಂದ ಚಿತ್ರೀಕರಣ ನಿಂತಿದೆ. ಎರಡು ತಿಂಗಳ ಮೇಲಾಯಿತು. ಏಪ್ರಿಲ್, ಮೇ ತಿಂಗಳ ದುಡ್ಡು ಬಂದಿಲ್ಲ. ಬರೆದು ಕಳಿಸಿದ ಒಂಬತ್ತು ಎಪಿಸೋಡು ಶೂಟ್ ಆಗಿಲ್ಲ. ಯಜಮಾನರಿಗೆ ಸಹಕಾರಿ ಸಂಘದಲ್ಲಿ 31,000 ಸಂಬಳ. ಮನೆಖರ್ಚು 38,000, ಕಾರಿನ ಕಂತು 9,000. ಬ್ಯಾಂಕಿನಲ್ಲಿ 1,80,000 ಠೇವಣಿ ಇದೆ. ಒಂದು ಎಕರೆ ಅಡಿಕೆ ತೋಟ ಮಾವನ ಹೆಸರಿನಲ್ಲಿದೆ.

ಹಣಕ್ಕಿಂತ ದೊಡ್ಡ ಸಂಕಟ ಬೇರೆ. ನಾನು ಬೆಳಗ್ಗೆ ಐದರಿಂದ ಹನ್ನೊಂದರವರೆಗೆ ಬರೆಯಲಿ ಅಂತ ಅತ್ತೆ ಇಷ್ಟು ವರ್ಷ ಆಸ್ರಿ (ಬೆಳಗಿನ ತಿಂಡಿ), ಮಗಳ ಡಬ್ಬಿ, ಮಧ್ಯಾಹ್ನದ ಅಡುಗೆ ಎಲ್ಲ ನೋಡಿದರು. ಅವರಿಗೆ ಮೊಣಕಾಲು ನೋವು. ಈಗಲೂ ಯಾರೂ ಒಂದು ಮಾತು ಆಡುವುದಿಲ್ಲ. "ತಲೆಬಿಸಿ ಮಾಡ್ಕಳಡ, ಕೆಲ್ಸ ಬತ್ತು" ಅನ್ನುತ್ತಾರೆ. ಅತ್ತೆ ತಮ್ಮ ಬಳೆ ಒತ್ತೆ ಇಡು ಅಂತಲೂ ಹೇಳಿದರು. ಇಂಥ ಮನೆ ಸಿಕ್ಕಿದ್ದು ಪುಣ್ಯ ಅನಿಸುತ್ತದೆ, ಆದರೆ ಊಟಕ್ಕೆ ಕೂತರೆ ಗಂಟಲು ಕಟ್ಟುತ್ತದೆ. ಋಣ ತೀರಲಿ ಅಂತ ಅಡುಗೆ, ಕೊಟ್ಟಿಗೆ ಎಲ್ಲ ನಾನೇ ಮಾಡುತ್ತಿದ್ದೇನೆ. ಜೂನ್‌ನಿಂದ ಒಂದು ಸಾಲು ಬರೆದಿಲ್ಲ. ಯಜಮಾನರ ಹತ್ತಿರ ಮೊಬೈಲ್ ರೀಚಾರ್ಜಿಗೆ ಕೇಳಲೂ ಬಾಯಿ ಬರುವುದಿಲ್ಲ. ಬೇರೆ ವಾಹಿನಿಗೆ ಹೆಸರಿಲ್ಲದೆ ಬರೆಯಲು ಒಬ್ಬರು ಕರೆದಿದ್ದಾರೆ. ಹೋದರೆ ಹಳೆಯ ತಂಡಕ್ಕೆ ದ್ರೋಹವಾಗುತ್ತದೆಯೇ? ನಿಂತ ತಿಂಗಳುಗಳಿಗೆ ಹಣ ಕೇಳುವ ಹಕ್ಕು ನನಗಿದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಹಣದ ಲೆಕ್ಕ ಒಂದು, ಮನೆಯವರ ಪ್ರೀತಿಯ ಲೆಕ್ಕ ಇನ್ನೊಂದು. ಎರಡೂ ಕಲೆತುಹೋಗಿವೆ. ಹಣದ ಭಯವನ್ನು ನೀವು ಕೊಟ್ಟಿಗೆ ಕೆಲಸದಲ್ಲಿ ತೀರಿಸಲು ಹೊರಟಿದ್ದೀರಿ. ಸ್ವತಂತ್ರ ವೃತ್ತಿಯವರ ಮನೆಗಳ ಜೊತೆ ಕೆಲಸ ಮಾಡುವ ನನಗೆ ಇದು ಮತ್ತೆ ಮತ್ತೆ ಕಾಣುವ ಗಂಟು. ಹಣದ ಲೆಕ್ಕವನ್ನು ಕಾಗದದ ಮೇಲೆ ಇಳಿಸದೆ ಪ್ರೀತಿಯದು ಬಿಡಿಸಿಕೊಳ್ಳುವುದಿಲ್ಲ. ಹಾಗಾಗಿ ಮೊದಲು ಅದನ್ನೇ ನೋಡೋಣ.

ತಿಂಗಳ ಖರ್ಚು 38,000, ಕಂತು 9,000, ಒಟ್ಟು 47,000. ಯಜಮಾನರ ಸಂಬಳ ಕಳೆದರೆ ಕೊರತೆ 16,000. ನಿಮ್ಮ ಠೇವಣಿ 1,80,000. ತೋಟದ ಒಂದು ಪೈಸೆ ಮುಟ್ಟದೆ, ಬಾಕಿ ಬಿಲ್ಲಿನ ಒಂದು ರೂಪಾಯಿ ಬಾರದೆಯೂ ಹನ್ನೊಂದು ತಿಂಗಳು ನಡೆಯುತ್ತದೆ. ಖರ್ಚನ್ನು 34,000ಕ್ಕೆ ಇಳಿಸಿದರೆ ಹದಿನೈದು ತಿಂಗಳು. ಬಳೆ ಒತ್ತೆ ಇಡುವ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಅತ್ತೆಯವರ ಮಾತು ಮಮತೆಯಿಂದ ಬಂದದ್ದು. ಅದನ್ನು ಹಾಗೆಯೇ ಸ್ವೀಕರಿಸಿ, ಬಳೆಯನ್ನು ಮಾತ್ರ ಪೆಟ್ಟಿಗೆಯಲ್ಲೇ ಇರಲು ಬಿಡಿ.

ಇಷ್ಟಾದರೂ ಒಂದು ಅಪಾಯವಿದೆ, ಬರಹಗಾರರ ಮನೆಗಳಲ್ಲಿ ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೆಲಸ ನಿಂತ ದಿನವೇ ಹಣ ನಿಲ್ಲುವುದಿಲ್ಲ, ಕೆಲಸ ಶುರುವಾದ ದಿನವೇ ಹಣ ಬರುವುದೂ ಇಲ್ಲ. ನಿಮ್ಮ ತಂಡ ಬಿಲ್ ಕೊಟ್ಟು ಅರವತ್ತು ದಿನಕ್ಕೆ ಹಣ ಹಾಕುತ್ತದೆ ಎಂದಿಟ್ಟುಕೊಳ್ಳಿ. ಅಕ್ಟೋಬರ್ ಒಂದರಂದು ಚಿತ್ರೀಕರಣ ಮತ್ತೆ ಶುರುವಾದರೆ ತಿಂಗಳ ಕೊನೆಗೆ ಬಿಲ್ಲು, ಡಿಸೆಂಬರ್ ಕೊನೆಗೆ ದುಡ್ಡು. ಹಾಗಾಗಿ ನಿಲುಗಡೆ ಎಷ್ಟು ತಿಂಗಳೋ ಅದಕ್ಕೆ ಇನ್ನು ಮೂರು ತಿಂಗಳು ಸೇರಿಸಿ ಯೋಜನೆ ಹಾಕಬೇಕು. "ಶೂಟಿಂಗ್ ಶುರುವಾಯಿತಂತೆ" ಎಂಬ ಸುದ್ದಿ ಕೇಳಿ ಕೈ ಸಡಿಲ ಮಾಡಿದ ಮನೆಗಳು ಆಮೇಲಿನ ಎರಡು ತಿಂಗಳಲ್ಲೇ ಸಾಲಕ್ಕೆ ಬೀಳುತ್ತವೆ.

ಏಪ್ರಿಲ್, ಮೇ ಬಾಕಿ 48 ಎಪಿಸೋಡಿಗೆ 1,20,000. ಶೇ. 10 ಟಿಡಿಎಸ್ (ಹಣ ಕೊಡುವವರೇ ಮುಂಚೆ ಹಿಡಿದುಕೊಳ್ಳುವ ತೆರಿಗೆ) ಕಳೆದು ನಿಮ್ಮ ಕೈಗೆ 1,08,000 ಬರಬೇಕು. ಇದನ್ನು ಬರುವ ಹಣವೆಂದು ಯೋಜನೆಯಲ್ಲಿ ಸೇರಿಸಬೇಡಿ. ವಾಹಿನಿಯಿಂದ ನಿರ್ಮಾಪಕರಿಗೇ ಹಣ ಬಾರದೆ ಜಗಳವಾಗಿರುವಾಗ ಅವರು ಮೊದಲು ಕೊಡುವುದು ಕಲಾವಿದರಿಗೆ, ಸ್ಟುಡಿಯೋ ಬಾಡಿಗೆಗೆ, ಕ್ಯಾಮೆರಾ ಬಾಡಿಗೆಗೆ. ಇವರಿಲ್ಲದೆ ಮರುದಿನ ಶೂಟಿಂಗ್ ನಡೆಯುವುದಿಲ್ಲ. ದೂರದಲ್ಲಿ ಕೂತ ಸಂಭಾಷಣೆಕಾರರ ಸರದಿ ಕೊನೆಗೆ.

ಪತ್ರದಲ್ಲಿ ಆದಾಯ ತೆರಿಗೆ ರಿಟರ್ನಿನ ಸುದ್ದಿಯೇ ಇಲ್ಲ, ಇದು ನನ್ನನ್ನು ಕಾಡಿತು. ವರ್ಷಕ್ಕೆ 288 ಎಪಿಸೋಡಾದರೆ 7,20,000. ಅದರಲ್ಲಿ 72,000 ರೂಪಾಯಿ ಟಿಡಿಎಸ್ ಆಗಿ ಕಡಿತವಾಗಿರುತ್ತದೆ. 2025ರ ಏಪ್ರಿಲ್ ನಂತರದ ಆದಾಯಕ್ಕೆ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಯಾಯಿತಿ ಇರುವುದರಿಂದ ನಿಮ್ಮಂಥವರು ತೆರಿಗೆ ಕಟ್ಟಬೇಕಾಗುವುದಿಲ್ಲ. ಅಂದರೆ ಕಡಿತವಾದ ಹಣ ನಿಮ್ಮದೇ, ರಿಟರ್ನ್ ಸಲ್ಲಿಸಿದರೆ ವಾಪಸ್ ಬರುತ್ತದೆ. ಆದಾಯ ತೆರಿಗೆ ಪೋರ್ಟಲಿನಲ್ಲಿ ನಿಮ್ಮ ಪ್ಯಾನ್ ಹಾಕಿ ಫಾರ್ಮ್ 26ಎಎಸ್ ತೆಗೆದು ನೋಡಿ. ತಂಡ ಕಡಿತ ಮಾಡಿದ್ದು ಸರ್ಕಾರಕ್ಕೆ ಕಟ್ಟಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಕಟ್ಟಿಲ್ಲವಾದರೆ ಈಗಲೇ ಇಮೇಲ್‌ನಲ್ಲಿ ಕೇಳಿ, ಸಂಸ್ಥೆ ಮುಚ್ಚಿದ ಮೇಲೆ ಕೇಳಲು ಯಾರೂ ಸಿಗುವುದಿಲ್ಲ. ರಿಟರ್ನಿನ ಗಡುವು ದಾಟಿದ್ದರೂ ಡಿಸೆಂಬರ್ 31ರೊಳಗೆ ವಿಳಂಬ ಶುಲ್ಕ ಕಟ್ಟಿ ಸಲ್ಲಿಸಬಹುದು. ಆದಾಯ 5 ಲಕ್ಷ ದಾಟಿದ್ದರೆ ಶುಲ್ಕ 5,000. ಶಿರಸಿಯಲ್ಲೇ ಒಳ್ಳೆಯ ಲೆಕ್ಕಪರಿಶೋಧಕರಿದ್ದಾರೆ, ಈ ವಾರವೇ ಹೋಗಿ ಬನ್ನಿ.

ಇನ್ನು ಹಕ್ಕಿನ ಪ್ರಶ್ನೆ. ಹಾಲಿವುಡ್ ಬರಹಗಾರರು 2007-08ರಲ್ಲಿ 100 ದಿನ, 2023ರಲ್ಲಿ 148 ದಿನ ಮುಷ್ಕರ ಹೂಡಿದ ಸುದ್ದಿ ಓದಿ, ಇಲ್ಲೂ ನಿಂತ ಕಾಲಕ್ಕೆ ಏನಾದರೂ ಸಿಗುತ್ತದೆ ಎಂದು ಕೆಲವರು ನಂಬಿದ್ದಾರೆ. ಅಲ್ಲಿ ಬರಹಗಾರರ ಸಂಘವೇ ಸ್ಟುಡಿಯೋಗಳ ಜೊತೆ ಸಾಮೂಹಿಕ ಒಪ್ಪಂದ ಮಾಡಿಕೊಳ್ಳುತ್ತದೆ. ಇಲ್ಲಿ ಎಪಿಸೋಡ್ ಲೆಕ್ಕದಲ್ಲಿ ಬರೆಯುವವರು ನೌಕರರಲ್ಲ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಒಪ್ಪಂದದಲ್ಲಿ ತಿಂಗಳಿಗೆ ಇಂತಿಷ್ಟು ಖಾತ್ರಿ ಎಂದು ಬರೆದಿರದಿದ್ದರೆ ಬರೆಯದ ತಿಂಗಳಿಗೆ ಹಣ ಕೇಳಲು ಆಧಾರವಿಲ್ಲ. ಆದರೆ ಬರೆದು ಕೊಟ್ಟದ್ದರ ಮಾತು ಬೇರೆ. "ಶೂಟ್ ಆಗಿಲ್ಲ, ಹಾಗಾಗಿ ದುಡ್ಡಿಲ್ಲ" ಎಂದು ಫೋನಿನಲ್ಲಿ ಹೇಳಿದ ಮಾತ್ರಕ್ಕೆ ಅದು ನಿಯಮವಾಗುವುದಿಲ್ಲ. ಒಪ್ಪಂದ ತೆಗೆದು, ಹಣ ಕೊಡುವುದು ಬರಹ ತಲುಪಿದಾಗಲೋ, ಚಿತ್ರೀಕರಣವಾದಾಗಲೋ, ಪ್ರಸಾರವಾದಾಗಲೋ ಎಂದು ಓದಿ. ಪ್ರಸಾರವಾದಾಗ ಎಂದಿದ್ದರೆ ಆ ಒಂಬತ್ತು ಎಪಿಸೋಡಿನ 22,500 ಸದ್ಯಕ್ಕೆ ಕಷ್ಟ. ತಲುಪಿದಾಗ ಎಂದಿದ್ದರೆ, ಅಥವಾ ಒಪ್ಪಂದವೇ ಇಲ್ಲದೆ "ನಾಳೆ ಬೆಳಗ್ಗೆ ಐದು ಸೀನ್ ಬೇಕು ಮೇಡಂ" ಎಂಬ ವಾಟ್ಸ್‌ಆ್ಯಪ್ ಸಂದೇಶದ ಮೇಲೆ ಬರೆದಿದ್ದರೆ, ಧೈರ್ಯವಾಗಿ ಕೇಳಿ.

ಆ ಸಂದೇಶಗಳೇ ನಿಮ್ಮ ಸಾಕ್ಷಿ. ಚಾಟ್ ಪೂರ್ತಿ ಎಕ್ಸ್‌ಪೋರ್ಟ್ ಮಾಡಿ ಇಮೇಲಿಗೆ ಹಾಕಿಕೊಳ್ಳಿ. ಹಳೆಯ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಕೋರ್ಟಿಗೆ ಹೋಗುವ ಪ್ರಸಂಗ ಬಂದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ವಿದ್ಯುನ್ಮಾನ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು. ಆಗ ಮೂಲ ಫೋನ್ ನಿಮ್ಮಲ್ಲಿದ್ದರೆ ಕೆಲಸ ಹಗುರ. ಬಾಕಿ ವಸೂಲಿಯ ದಾವೆಗೆ ಸಾಮಾನ್ಯವಾಗಿ ಮೂರು ವರ್ಷ ಅವಧಿ ಇರುವುದರಿಂದ ಇವತ್ತೇ ಜಗಳ ಬೇಡ. ಸದ್ಯಕ್ಕೆ ಎಪಿಸೋಡ್ ಸಂಖ್ಯೆ, ಕಳಿಸಿದ ದಿನಾಂಕ, ಮೊತ್ತ ಹಾಕಿ ಎರಡು ತಿಂಗಳ ಬಿಲ್ಲನ್ನು ಮತ್ತೊಮ್ಮೆ ಇಮೇಲ್ ಮಾಡಿ. "ಈ ಬಾಕಿ ಸರಿಯಿದೆ ಎಂದು ತಿಳಿಸಿ" ಎಂಬ ಒಂದು ಸಾಲು ಸೇರಿಸಿ. "ಸರಿ ಇದೆ, ಸ್ವಲ್ಪ ಕಾಯಿರಿ" ಎಂಬ ಉತ್ತರ ಬಂದರೆ ಅದೇ ದೊಡ್ಡ ದಾಖಲೆ.

ಕೇಂದ್ರ ಸರ್ಕಾರದ ಉದ್ಯಮ್ ಪೋರ್ಟಲಿನಲ್ಲಿ ಕಿರು ಸೇವಾ ಉದ್ಯಮವಾಗಿ ಹೆಸರು ನೋಂದಾಯಿಸಿಕೊಳ್ಳಿ. ಶುಲ್ಕವಿಲ್ಲ, ಆಧಾರ್ ಮತ್ತು ಪ್ಯಾನ್ ಸಾಕು. ನೋಂದಾಯಿತ ಕಿರು ಉದ್ಯಮಕ್ಕೆ ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನದಲ್ಲಿ, ಒಪ್ಪಂದವಿದ್ದರೂ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ನೋಂದಣಿಗೆ ಮೊದಲಿನ ಬಾಕಿಗೂ ಇದು ಸಿಗುತ್ತದೆ ಎಂದು ನಂಬಿ ಕೂರಬೇಡಿ, ಮುಂದಿನ ಬಿಲ್ಲುಗಳಿಗೆ ಗುರಾಣಿಯಾದರೆ ಸಾಕು.

ಹೆಸರಿಲ್ಲದೆ ಬರೆಯುವ ಕರೆಗೆ ಬರೋಣ. ದ್ರೋಹದ ಪ್ರಶ್ನೆ ಇಲ್ಲಿ ಏಳುವುದಿಲ್ಲ. ಬರಹಗಾರರೇ ಒಟ್ಟಾಗಿ ಲೇಖನಿ ಕೆಳಗಿಟ್ಟಿದ್ದು, ನೀವು ಹಿಂಬಾಗಿಲಿನಿಂದ ಬರೆದುಕೊಟ್ಟರೆ ಅದು ದ್ರೋಹ. ನಿಮ್ಮಲ್ಲಿ ನಡೆದಿರುವುದು ಇಬ್ಬರು ಹಣವಂತರ ತಕರಾರು, ನಿಮ್ಮನ್ನು ಕೇಳಿ ಯಾರೂ ನಿಲ್ಲಿಸಿಲ್ಲ. ನೋಡಬೇಕಾದದ್ದು ಒಪ್ಪಂದದಲ್ಲಿ ಬೇರೆಡೆ ಬರೆಯಬಾರದೆಂಬ ಷರತ್ತು ಇದೆಯೇ ಎಂದು. ಇದ್ದರೆ "ನಿಲುಗಡೆಯ ಅವಧಿಯಲ್ಲಿ ಬೇರೆ ಕೆಲಸ ಒಪ್ಪಿಕೊಳ್ಳಲು ಅನುಮತಿ ಕೊಡಿ" ಎಂದು ಇಮೇಲ್ ಮಾಡಿ. ದುಡ್ಡು ಕೊಡಲಾಗದವರು ಅದಕ್ಕೆ ಹೆಚ್ಚಾಗಿ ಇಲ್ಲ ಅನ್ನುವುದಿಲ್ಲ. ಷರತ್ತಿಲ್ಲದಿದ್ದರೆ ಯಾರ ಅನುಮತಿಯೂ ಬೇಡ. ನನಗೆ ಒಪ್ಪಿಗೆಯಾಗದಿರುವುದು ಹೆಸರಿಲ್ಲದೆ ಎಂಬ ಭಾಗ. ಟೈಟಲ್ ಕಾರ್ಡಿನಲ್ಲಿ ಹೆಸರಿಲ್ಲ, ಬಿಲ್ಲಿಲ್ಲ, ಹಣ ಇನ್ನೊಬ್ಬ ಬರಹಗಾರರ ಜೇಬಿನಿಂದ ಬರಬೇಕು. ಅವರು ಕೊಡದಿದ್ದರೆ ಕೇಳಲು ನಿಮ್ಮಲ್ಲಿ ಕಾಗದವೇ ಇರುವುದಿಲ್ಲ. ಹೋಗುವುದೇ ಆದರೆ ವಾರಕ್ಕೊಮ್ಮೆ ಹಣ, ಹಳೆಯ ವಾರದ್ದು ಬಾರದೆ ಹೊಸ ವಾರದ್ದಿಲ್ಲ ಎಂದು ಸಂದೇಶದಲ್ಲಿ ಬರೆಸಿಕೊಂಡು, ಒಂದು ತಿಂಗಳಿಗಷ್ಟೇ ಒಪ್ಪಿಕೊಳ್ಳಿ. ಹನ್ನೊಂದು ತಿಂಗಳ ಅನ್ನ ಮನೆಯಲ್ಲಿರುವಾಗ ಹೆಸರು ಬಿಟ್ಟುಕೊಡುವ ಅವಸರ ನಿಮಗಿಲ್ಲ.

ಹಣ ಸಾಲದೆ ಬಂದರೆ ಯಾವುದನ್ನು ಮೊದಲು ಮುಟ್ಟಬೇಕು ಎಂಬುದಕ್ಕೂ ಕ್ರಮವಿದೆ. ಮೊದಲು ತೆರಿಗೆ ವಾಪಸಾತಿ, ಆಮೇಲೆ ಠೇವಣಿ, ಅದೂ ಸಾಲದಿದ್ದರೆ ನಿಮ್ಮ ಸ್ವಂತ ಬಂಗಾರ. ಮನೆಯಲ್ಲಿ ಹಳೆಯ ಚಾಲಿ ಅಡಿಕೆ (ಒಣಗಿಸಿ ಸುಲಿದ ಅಡಿಕೆ) ದಾಸ್ತಾನಿದ್ದು, ಮಾವನವರು ತಾವಾಗಿ ಒಪ್ಪಿದರೆ, ದರ ಕುಸಿದಾಗ ಮಾರುವ ಬದಲು ಸಹಕಾರಿ ಮಾರಾಟ ಸಂಘದಲ್ಲಿ ಒತ್ತೆ ಇಟ್ಟು ಮುಂಗಡ ಪಡೆಯಬಹುದು. ದರ ಇನ್ನೂ ಇಳಿದರೆ ಬಡ್ಡಿಯ ಜೊತೆ ನಷ್ಟವೂ ಮಾವನವರ ತಲೆಯ ಮೇಲೆಯೇ ಬರುತ್ತದೆ ಎಂಬುದನ್ನು ಅವರೆದುರು ಹೇಳಿಯೇ ಒಪ್ಪಿಸಿ. ಬೆಳೆಸಾಲವನ್ನು ಮಾತ್ರ ಮನೆಖರ್ಚಿಗೆ ತಿರುಗಿಸಬೇಡಿ. ರಾಜ್ಯದಲ್ಲಿ ಸಹಕಾರಿ ಸಂಘಗಳು ಕೊಡುವ 5 ಲಕ್ಷದವರೆಗಿನ ಅಲ್ಪಾವಧಿ ಬೆಳೆಸಾಲಕ್ಕೆ ಬಡ್ಡಿಯಿಲ್ಲ, ಆದರೆ ಗಡುವಿನೊಳಗೆ ತೀರಿಸಿದವರಿಗೆ ಮಾತ್ರ. ಒಂದು ಸಲ ಸುಸ್ತಿಯಾದರೆ ಬಡ್ಡಿ ಪೂರ್ತಿ ಬೀಳುತ್ತದೆ. ಈ ಸಲ ಅಡಿಕೆಗೆ ಕೊಳೆರೋಗ ಹತ್ತಿದರೆ ತೀರಿಸುವುದೂ ಕಷ್ಟ, ಅದನ್ನು ತಡೆಯುವ ಬೋರ್ಡೋ ದ್ರಾವಣದ ಸಿಂಪಡಣೆಗೇ ಹಣವಿಲ್ಲದಂತಾಗುತ್ತದೆ. ಆರೋಗ್ಯ ವಿಮೆಯ ಕಂತನ್ನು ಎಂದೂ ತಪ್ಪಿಸಬೇಡಿ. ವಾರ್ಷಿಕ ಕಂತಿಗೆ ಸಾಮಾನ್ಯವಾಗಿ 30 ದಿನ ವಿನಾಯಿತಿ ಇದೆ, ಆದರೆ ಆ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ರಕ್ಷಣೆ ಸಿಗದೆ ಹೋಗಬಹುದು.

ಈಗ ಮನೆ. ಅತ್ತೆಯವರು ಆರು ವರ್ಷ ಮಾಡಿದ್ದನ್ನು ಎರಡು ತಿಂಗಳಲ್ಲಿ ತೀರಿಸಲು ಹೊರಟಿದ್ದೀರಿ. ಮನಸ್ಸು ದೊಡ್ಡದು, ದಾರಿ ತಪ್ಪಿದೆ. ಅಡುಗೆಮನೆ ಅತ್ತೆಯವರ ಅಧಿಕಾರದ ಜಾಗವೂ ಹೌದು. ನೀವು ಪೂರ್ತಿ ಕೈಗೆತ್ತಿಕೊಂಡಾಗ ಅವರ ಮೊಣಕಾಲಿಗೆ ವಿಶ್ರಾಂತಿ ಸಿಕ್ಕಿರಬಹುದು, ಜೊತೆಗೆ "ಇನ್ನು ನನ್ನ ಕೆಲಸವೇನು" ಎಂಬ ಖಾಲಿತನವೂ ಬಂದಿರಬಹುದು. ಕೇಳಿ ನೋಡಿದ್ದೀರಾ? ಬಹಳ ಸೊಸೆಯಂದಿರು ಕೇಳುವುದಿಲ್ಲ, ಕೆಲಸ ಕಿತ್ತುಕೊಂಡು ಮಾಡಿಬಿಡುತ್ತಾರೆ, ಅತ್ತೆ ಜಗುಲಿಯಲ್ಲಿ ಕೂತು ಬತ್ತಿ ಹೊಸೆಯುತ್ತಾರೆ.

ಇನ್ನೊಂದು ತೊಂದರೆ ಮುಂದೆ ಕಾದಿದೆ. ಧಾರಾವಾಹಿ ಮತ್ತೆ ಶುರುವಾಗುವುದು ನಿಧಾನವಾಗಿ ಅಲ್ಲ. ಸಂಜೆ ಫೋನ್ ಬರುತ್ತದೆ, ಬೆಳಗ್ಗೆ ಸೀನ್ ಬೇಕು. ಎಪಿಸೋಡ್ ಬ್ಯಾಂಕ್ (ಮುಂಚಿತವಾಗಿ ತಯಾರಿಟ್ಟ ಎಪಿಸೋಡುಗಳ ದಾಸ್ತಾನು) ಖಾಲಿಯಾಗಿರುವುದರಿಂದ ಮೊದಲ ವಾರಗಳಲ್ಲಿ ದಿನಕ್ಕೆ ಒಂದರ ಬದಲು ಎರಡು ಎಪಿಸೋಡ್ ಕೇಳುತ್ತಾರೆ. ಅಷ್ಟರಲ್ಲಿ ಆರು ವರ್ಷ ಕಟ್ಟಿದ ಬೆಳಗಿನ ಏರ್ಪಾಟು ಕರಗಿಹೋಗಿ, ಹಾಲು ಕರೆಯುವುದರಿಂದ ರಾತ್ರಿ ಪಾತ್ರೆ ಕವುಚುವವರೆಗೆ ಎಲ್ಲವೂ ನಿಮ್ಮದು ಎಂದಾಗಿರುತ್ತದೆ. ಅವತ್ತು ಎಲ್ಲವನ್ನೂ ಒಮ್ಮೆಲೇ ಕೈಬಿಟ್ಟರೆ, ಬಾಯಿಬಿಟ್ಟು ಏನೂ ಅನ್ನದ ಮನೆಯವರಿಗೂ ಮುಖ ಸಣ್ಣದಾಗುತ್ತದೆ. ನಿಲುಗಡೆಯ ಕಾಲದಲ್ಲಿ ಹುಟ್ಟಿದ ಮುನಿಸಿಗಿಂತ ಕೆಲಸ ಮತ್ತೆ ಶುರುವಾದಾಗ ಹುಟ್ಟುವ ಮುನಿಸೇ ಹೆಚ್ಚು ದಿನ ಉಳಿಯುತ್ತದೆ, ಇದನ್ನು ನಾನು ಬೇಕಾದಷ್ಟು ಮನೆಗಳಲ್ಲಿ ಕಂಡಿದ್ದೇನೆ.

ಆದ್ದರಿಂದ ಅತ್ತೆಯವರಿಗೆ ಏನು ಮಾಡುವುದಾದರೂ ಕೆಲಸ ಶುರುವಾದ ಮೇಲೂ ಉಳಿಯುವಂಥದ್ದನ್ನು ಮಾಡಿ. ಮೊದಲನೆಯದು ಆ ಮೊಣಕಾಲು. ಆರು ವರ್ಷದಲ್ಲಿ ನಿಮಗೆ ಸಿಗದಿದ್ದ ಪೂರ್ತಿ ಹಗಲು ಈಗ ಸಿಕ್ಕಿದೆ. ಮೂಳೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ, ಎಕ್ಸ್‌ರೇ ತೆಗೆಸಿ, ತೊಡೆಯ ಸ್ನಾಯು ಗಟ್ಟಿಮಾಡುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟರಿಂದ ನೀವೂ ಕಲಿತು ಬನ್ನಿ. ದಿನಾ ಅವರ ಜೊತೆ ಕೂತು ಮಾಡಿಸಿ, ಒಬ್ಬರೇ ಆದರೆ ನಾಲ್ಕನೇ ದಿನ ಬಿಟ್ಟುಬಿಡುತ್ತಾರೆ. ನಮ್ಮ ಕಡೆಯ ಅಡುಗೆಮನೆಗಳಲ್ಲಿ ಮಣೆಯ ಮೇಲೆ ಕೂತು ಮೆಟ್ಟುಗತ್ತಿಯಲ್ಲಿ ಹೆಚ್ಚುವುದು, ಎದ್ದು ಒಲೆಗೆ ಹೋಗುವುದು, ಮತ್ತೆ ಕೂರುವುದು. ಸವೆದ ಮೊಣಕಾಲಿಗೆ ಭಾರ ಬೀಳುವುದೇ ಈ ಕೂತು ಏಳುವುದರಲ್ಲಿ. ಕುರ್ಚಿಯಲ್ಲಿ ಕೂತು ಹೆಚ್ಚಲು ಒಂದು ಮೇಜು, ನೆಲದ ಒರಳಿನ ಬದಲು ಕಟ್ಟೆಯ ಮೇಲಿಡುವ ಎರಡು ಲೀಟರಿನ ಗ್ರೈಂಡರು, ಬಚ್ಚಲಿನಲ್ಲಿ ಗೋಡೆಗೊಂದು ಹಿಡಿಕೆ. ಇಷ್ಟಕ್ಕೆ ಠೇವಣಿಯಿಂದ ಹಣ ತೆಗೆದರೆ ತಪ್ಪಿಲ್ಲ. ನೀವು ಮತ್ತೆ ಬರೆಯಲು ಕೂತ ಬೆಳಗ್ಗೆಯೂ ಅವರಿಗೆ ತೆಳ್ಳೇವು (ತೆಳು ದೋಸೆ) ಎರೆಯುವುದು ಸುಲಭವಾಗಿರುತ್ತದೆ.

ಎರಡನೆಯದು ಕೆಲಸದ ಹಂಚಿಕೆ. ರಾತ್ರಿಯ ಅಡುಗೆ, ಮಗಳ ಪಾಠ, ಭಾನುವಾರದ ಕೊಟ್ಟಿಗೆ, ಹೀಗೆ ಕೆಲಸ ಶುರುವಾದ ಮೇಲೂ ನಿಭಾಯಿಸಬಲ್ಲಷ್ಟನ್ನೇ ಕಾಯಂ ಆಗಿ ಹಿಡಿಯಿರಿ. ಆಸ್ಪತ್ರೆ ಓಡಾಟ, ಪಹಣಿಯ ತಿದ್ದುಪಡಿ, ಬ್ಯಾಂಕ್ ಕೆವೈಸಿಗಳನ್ನು "ಈ ಬಿಡುವಿನಲ್ಲಿ ಮುಗಿಸುತ್ತೇನೆ" ಎಂದು ಬಾಯಿಬಿಟ್ಟು ಹೇಳಿ ಮಾಡಿ. ಕೊಟ್ಟಿಗೆಯ ದಿನದ ಕೆಲಸ ಯಜಮಾನರಿಗೇ ವಾಪಸ್ ಹೋಗಲಿ. ಹಣ ಬರಲು ಶುರುವಾದ ಮೇಲೆ ದಿನಕ್ಕೆ ಎರಡು ತಾಸು ಬಂದುಹೋಗುವ ಒಬ್ಬ ಹೆಂಗಸನ್ನು ನೇಮಿಸಿಕೊಂಡು, ಆ ಸಂಬಳ ನಿಮ್ಮ ಬಿಲ್ಲಿನಿಂದ ಹೋಗಲಿ.

ಬೆಳಗಿನ ಆರು ತಾಸಿನಲ್ಲಿ ಎರಡನ್ನಾದರೂ ಇವತ್ತಿನಿಂದಲೇ ವಾಪಸ್ ಪಡೆಯಿರಿ, ಐದರಿಂದ ಏಳು. ಮಳೆಗಾಲದಲ್ಲಿ ಕರೆಂಟು ಇರುವ ಭರವಸೆಯಿಲ್ಲ, ಪೆನ್ನು ಕಾಗದವಾದರೂ ಸರಿ. ಆ ಹೊತ್ತಿನಲ್ಲಿ ನಿಮ್ಮದೇ ಒಂದು ಧಾರಾವಾಹಿಯ ರೂಪರೇಖೆ ಬರೆಯಿರಿ: ಎರಡು ಪುಟದಲ್ಲಿ ಕಥೆ, ಪಾತ್ರಕ್ಕೊಂದು ಪುಟ, ಮೊದಲ ಇಪ್ಪತ್ತು ಎಪಿಸೋಡಿನ ಒನ್ ಲೈನ್ (ಚುಟುಕು ಸಾರ), ಒಂದು ಎಪಿಸೋಡಿನ ಪೂರ್ತಿ ಸಂಭಾಷಣೆ. ಆರು ವರ್ಷ ಬೇರೆಯವರ ಚಿತ್ರಕಥೆಗೆ ಮಾತು ಕೊಟ್ಟವರಿಗೆ ಇದಕ್ಕೆ ಬಿಡುವು ಮತ್ತೆ ಸಿಗುವುದು ಕಷ್ಟ. ಯಾರಿಗೂ ಕಳಿಸುವ ಮೊದಲು ನೋಂದಾಯಿಸಿ. ಕಾಪಿರೈಟ್ ಕಚೇರಿಯಲ್ಲಿ ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ, ಆಕ್ಷೇಪಣೆಗೆ 30 ದಿನ ಕಾಯಬೇಕು. ಮುಂಬೈಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ನಿನ ಸದಸ್ಯರಾದರೆ ಆನ್‌ಲೈನಿನಲ್ಲೇ ಆಗುತ್ತದೆ. ತನಗೆ ತಾನೇ ಅಂಚೆಯಲ್ಲಿ ಕಳಿಸಿಕೊಂಡು ಮೊಹರು ಒಡೆಯದೆ ಇಟ್ಟರೆ ಸಾಕೆಂಬ ಮಾತನ್ನು ನಂಬಬೇಡಿ. ಮುಂದೆ ಮಾರುವಾಗ ಅವಧಿಯನ್ನು ಬರೆಸಿ. ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ಹೇಳಿರದಿದ್ದರೆ ಕಾನೂನು ಅದನ್ನು ಐದು ವರ್ಷ ಎಂದು ಹಿಡಿಯುತ್ತದೆ. ಇದು ಗೊತ್ತಿರುವುದರಿಂದಲೇ ನಿರ್ಮಾಪಕರ ಪತ್ರಗಳಲ್ಲಿ "ಶಾಶ್ವತವಾಗಿ" ಎಂಬ ಪದ ಮೊದಲೇ ಅಚ್ಚಾಗಿರುತ್ತದೆ.

ಯಜಮಾನರ ಹತ್ತಿರ ಕೇಳುವ ಸಂಕೋಚಕ್ಕೆ ಮದ್ದು ಸರಳ, ಕೇಳುವ ಪ್ರಸಂಗವೇ ಬರಬಾರದು. ಒಂದು ಸಂಜೆ ನಾಲ್ವರೂ ದೊಡ್ಡವರು ಜಗುಲಿಯಲ್ಲಿ ಕೂತು, ಮೇಲೆ ಹೇಳಿದ 47,000, 31,000, 16,000, 1,80,000 ಈ ನಾಲ್ಕು ಅಂಕಿಗಳನ್ನು ಕಾಗದದಲ್ಲಿ ಬರೆದು ಎಲ್ಲರಿಗೂ ತೋರಿಸಿ. ಮಾವನವರನ್ನು ಬಿಡಬೇಡಿ. ಲೆಕ್ಕ ಗೊತ್ತಿಲ್ಲದ ಹಿರಿಯರು ಒಳಗೊಳಗೇ ಹೆಚ್ಚು ಹೆದರುತ್ತಾರೆ, ಬಳೆಯ ಮಾತು ಬಂದದ್ದು ಆ ಹೆದರಿಕೆಯಿಂದಲೂ ಇರಬಹುದು. ಆಮೇಲೆ ನಿಮ್ಮ ಕೈಖರ್ಚಿಗೆಂದು 2,000 ರೂಪಾಯಿ ತಿಂಗಳ ಮೊದಲ ದಿನವೇ ನಿಮ್ಮ ಖಾತೆಗೆ ತಾನಾಗಿ ಹೋಗುವಂತೆ ಬ್ಯಾಂಕಿನಲ್ಲಿ ಸೂಚನೆ ಕೊಡಿ. ಯಜಮಾನರಿಗೂ ಅಷ್ಟೇ. ಆರು ವರ್ಷ ಆ ಮನೆಗೆ ಹಣ ತಂದವರು ನೀವು. ಈಗ ಆ ಮನೆಯಿಂದ ನಿಮಗೆ ಹೋಗುವುದು ದಾನವಲ್ಲ.

ಕೃತಜ್ಞತೆಯ ಮಾತನ್ನು ನೀವು ಆಡಿಲ್ಲವೆಂದು ಪತ್ರ ಓದಿದರೆ ತಿಳಿಯುತ್ತದೆ. ಮಾಡಿ ತೋರಿಸುತ್ತಿದ್ದೀರಿ, ಹೇಳಿಲ್ಲ. "ನಿಮ್ಮಿಂದ ಬಹಳ ಉಪಕಾರವಾಯಿತು" ಎಂದರೆ ಅತ್ತೆ ನಾಚಿ ಎದ್ದುಹೋಗುತ್ತಾರೆ. ಒಂದೇ ಒಂದು ಸಂಗತಿ ಹಿಡಿದು ಹೇಳಿ: "ಮಗಳಿಗೆ ಜ್ವರ ಬಂದ ವಾರ ರಾತ್ರಿ ಪೂರ್ತಿ ನೀವು ಕೂತಿದ್ದಕ್ಕೆ ನನಗೆ ಆ ವಾರದ ಎಪಿಸೋಡು ಕೊಡಲಿಕ್ಕೆ ಆಯ್ತು." ಇಂಥದ್ದು ನಿಮ್ಮ ಮನೆಯಲ್ಲಿ ನಿಜವಾಗಿ ನಡೆದದ್ದು ಯಾವುದೋ ಅದನ್ನೇ ಆರಿಸಿಕೊಳ್ಳಿ. ಒಮ್ಮೆ ಹೇಳಿದರೆ ಸಾಕು. ದಿನಾ ಹೇಳಿದರೆ ಅವರಿಗೆ ಭಾರ.

ಗಂಟಲು ಕಟ್ಟುವುದು, ಬರೆಯಲಾಗದಿರುವುದು ಈ ಸ್ಥಿತಿಯಲ್ಲಿ ಸಹಜ. ಆದರೆ ನಿದ್ದೆ, ಊಟ ಕೆಟ್ಟು, ಯಾವುದರಲ್ಲೂ ಮನಸ್ಸಿಲ್ಲದೆ ಎರಡು ವಾರ ದಾಟಿದ್ದರೆ ಅದನ್ನು ಋಣದ ಭಾರವೆಂದು ತಳ್ಳಿಹಾಕಬೇಡಿ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಕೊನೆಯದಾಗಿ, ಮತ್ತೆ ಶುರುವಾಗುವ ಫೋನ್ ಬಂದ ಸಂಜೆ ಸಂತೋಷದಲ್ಲಿ "ಆಯ್ತು ಸರ್, ಕಳಿಸ್ತೆ" ಎಂದುಬಿಡಬೇಡಿ. "ಮನೆಯಲ್ಲಿ ಸಮಯ ಹೊಂದಿಸಿಕೊಂಡು ನಾಳೆ ಹತ್ತು ಗಂಟೆಗೆ ಹೇಳುತ್ತೇನೆ" ಎನ್ನಿ. ಮರುದಿನ ಇಮೇಲಿನಲ್ಲಿ ಮೂರು ವಿಷಯ ಬರೆಯಿರಿ: ಏಪ್ರಿಲ್‌ನ ಬಾಕಿ ಮೊದಲ ಸೀನಿಗೆ ಮುಂಚೆ, ಮೇ ತಿಂಗಳದ್ದು ಹದಿನೈದು ದಿನದೊಳಗೆ ಬರಬೇಕು. ಇನ್ನು ಮುಂದೆ ಬರಹ ತಲುಪಿದ ಎಪಿಸೋಡಿಗೆ ಹಣ, ಶೂಟ್ ಆದದ್ದಕ್ಕಲ್ಲ. ಮೊದಲ ಎರಡು ವಾರ ದಿನಕ್ಕೆ ಒಂದೂವರೆ ಎಪಿಸೋಡಿಗಿಂತ ಹೆಚ್ಚು ಆಗುವುದಿಲ್ಲ. ಅವರು ಮೊದಲನೆಯದಕ್ಕೆ ಅರ್ಧ ಒಪ್ಪಿದರೂ ಕೆಲಸಕ್ಕೆ ಕೂರಬಹುದು. ಎರಡನೆಯದಕ್ಕೆ ಒಪ್ಪದಿದ್ದರೆ ಎಪಿಸೋಡ್ ಬ್ಯಾಂಕಿಗೆಂದು ಐದಕ್ಕಿಂತ ಹೆಚ್ಚು ಎಪಿಸೋಡನ್ನು ಮುಂಗಡವಾಗಿ ಬರೆದು ಕೊಡಬೇಡಿ.